ಇಳಿದದ್ದು

ಫ್ರೆಂಚ್‌ರಾಕ್ಸ್‌ಗೆ ಒಂದು, ಎಂದೆ. ಕಂಡಕ್ಟರ್ ಹುಡುಗ
ಅದ್ಯಾವ ಊರು ಸಾರ್, ಎಂದ.
ಪಾಂಡವಪುರ, ಎಂದೆ. ಹರಿದು ಕೊಟ್ಟ.

ಕಡಲಿಲ್ಲ ಇಲ್ಲಿ. ನಾಲೆಯಿದೆ, ಬಂಡೆಯಿದೆ,
ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆಯಿದೆ.
ಆದರೂ ಕಡಲಾಚೆಯವರು ಸುಲ್ತಾನರ ಕಾಲಕ್ಕೆ
ಡೇರೆ ಹಾಕಿ ಇಲ್ಲಿ ಇಳಿದುಕೊಂಡಿದ್ದರಂತೆ.
ಮಧ್ಯಾಹ್ನವೆಲ್ಲ ಹುಡುಕಿದೆ.
ಕಂಡದ್ದು ಒಂದು ಮೋಟುಗೋಡೆ, ಅದೂ ದನದಾಸ್ಪತ್ರೆಯದಂತೆ;
ಮುರಿದ ಮೆಟ್ಟಿಲು, ಅದರ ಮೇಲೆ ಒಣಹಾಕಿದ ಹುರುಳಿ;
ಸಮಾಧಿಯಂಥ ಒಂದು ಕಲ್ಲು,
ಅಕ್ಷರ ಸವೆದು, ಬಟ್ಟೆ ಒಗೆಯಲು ಹದವಾಗಿ.

ಇಳಿಹೊತ್ತು.
ಬಂದ ಕೆಲಸ ಇದಲ್ಲ ಎಂದು ನಾಲಿಗೆ ನೆನಪಿಸಿತು.

ಮೂವತ್ತೊಂದು ವರ್ಷ ಅಬಕಾರಿ ಗಾರ್ಡು ನಾನು.
ಈ ಸೀಮೆಯ ಈಚಲ ಬನಗಳಲ್ಲಿ
ಒಡೆದ ಗಡಿಗೆಗಳಿಗೆ ಪಂಚನಾಮೆ ಬರೆದವನು.
ಬೂಟಿನ ಮೇಲೆ ನೊರೆ ಒಣಗುವ ವಾಸನೆ ಗೊತ್ತು.
ರುಚಿ ಗೊತ್ತಿಲ್ಲ.

ಏರಿಯ ಕೆಳಗಿನ ಮನೆ. ಸಣ್ಣತಾಯಮ್ಮ
ಬತ್ತಿ ಹೊಸೆಯುತ್ತಲೇ ತಲೆಯೆತ್ತಿದಳು.
‘ಗೊತ್ತಾಯ್ತು ಬುಡಿ. ಮೀಸೆ ಬೆಳ್ಳಗಾದ್ರೆ
ಮಕ ಮರ್ತೋದದಾ? ನಮ್ಮತ್ತೆ ಗಡಿಗೆ ಒದ್ದೋರು.
ಕೂತ್ಕಳಿ. ಇವತ್ತು ಎಡೆ.’

ಬಾಳೆಲೆಯಲ್ಲಿ ಮುದ್ದೆ, ಬಾಡು,
ಸಂತೆಯಲ್ಲಿ ಕೊಂಡ ಒಣಸೀಗಡಿ ಹುರಿದದ್ದು. ಮೂರು ಲೋಟ.
ಮರ ಹತ್ತಿ ಇಳಿಸುವ ಕೈ ಈಗಿಲ್ಲ, ಇಳಿಸಲು ಕಾನೂನಿಲ್ಲ;
ವರ್ಷಕ್ಕೊಂದೇ ಗಡಿಗೆ. ಅದೆಲ್ಲಿಂದ ಎಂದು
ನಾನು ಕೇಳಲಿಲ್ಲ. ಕೇಳದಿರುವುದು
ರಿಟೈರಾದ ಮೇಲೆ ಕಲಿತದ್ದು.

ಒಂದು ಅತ್ತೆಗೆ. ಒಂದು ಗಂಡ ತಿಬ್ಬಯ್ಯನಿಗೆ.
ಇನ್ನೊಂದು?
‘ಪರಂಗಿಯೋನ್ದು. ನಮ್ ಮಾವನ ಮುತ್ತಜ್ಜನ ತಾವ
ಏಳು ಗಡಿಗೆ ಸಾಲ ಕುಡ್ದು, ಜರ ಬಂದು ಸತ್ನಂತೆ.
ಅವನ ಕಡೆಯೋರು ಯಾರವ್ರೆ ಇಲ್ಲಿ, ನೀರು ಬುಡಕ್ಕೆ?’
ಸಾಲಗಾರನಿಗೆ ಎಡೆಯಾ?
‘ನಿಮ್ದೂ ಹದಿನಾಕು ಗಡಿಗೆ ಅದೆ. ಬರ್ದು ಮಡಗಿವ್ನಿ.’

ಅವರು ಉಣ್ಣಲಿ ಎಂದು ಬಾಗಿಲೆಳೆದು
ಜಗಲಿಯಲ್ಲಿ ಕೂತೆವು, ಸೊಳ್ಳೆ ಹೊಡೆಯುತ್ತ.
ಗಡಿಗೆಯ ತಳದ್ದು ನನಗೆ.

ಮೊದಲು ಹುಳಿ. ರಾತ್ರಿ ಉಕ್ಕಿದ ದೋಸೆಹಿಟ್ಟಿನ ಹುಳಿ.
ಹಿಂದೆಯೇ, ನಾಚಿಕೊಂಡು, ಒಂದು ಸಿಹಿ,
ಅಗಿದು ಉಗಿದ ಕಬ್ಬಿನ ಸಿಪ್ಪೆಯಲ್ಲಿ ಉಳಿದಿರುವಷ್ಟು.
ತೇಲುತ್ತಿದ್ದ ಜೇನುಹುಳವನ್ನು ಬೆರಳಲ್ಲಿ ತೆಗೆದೆ.
ಸೀಗಡಿ ಕಚ್ಚಿದೆ. ಉಪ್ಪು.
ಇಷ್ಟು ಕಡಲು ಸಾಕಾಗಿತ್ತೇನೋ ಅವನಿಗೆ
ಮನೆಯ ದಿಕ್ಕು ಮರೆಯದಿರಲು,
ಅಥವಾ ಮರೆಯಲು.

ಜೇಬಿಗೆ ಕೈ ಹಾಕಿದೆ. ಸಣ್ಣತಾಯಮ್ಮ ನಕ್ಕಳು:
‘ಸತ್ತೋರ ಲೆಕ್ಕಕ್ಕೆ ನೋಟು ನಡಿಯಕಿಲ್ಲ.’

ಹೊರಡುವಾಗ ಒಳಗೆ ಇಣುಕಿದೆ.
ಅತ್ತೆಯದು ತುಂಬಿದಂತೆಯೇ ಇತ್ತು, ತಿಬ್ಬಯ್ಯನದೂ.
ಪರಂಗಿಯವನ ಲೋಟ
ಒಂದು ಬೆರಳು ಇಳಿದಿತ್ತು.

ನಾನು ಮುಟ್ಟಿಲ್ಲ.
ಬೇಕಾದರೆ ಪಂಚನಾಮೆ ಬರೆದುಕೊಡುತ್ತೇನೆ.