ಒಂದು ಟೊಳ್ಳು

ರಿಯೋನಿ ನದಿಯ ಆಚೆ ದಡ, ಕುತೈಸಿಯ ಟೈಲ್ಸ್ ಅಂಗಡಿ.
ಎತೇರಿ ಬೂಟು ಕಳಚಿದಳು,
ಕಾಲುಚೀಲವನ್ನೂ.
ಫೆಬ್ರವರಿ.
ಅಂಗಡಿಯ ಹುಡುಗ ನನ್ನ ಮುಖ ನೋಡಿದ,
ನಾನು ಚಾವಣಿ ನೋಡಿದೆ.

ಇಪ್ಪತ್ತೊಂಬತ್ತು ವರ್ಷ ಮಂಡಿಯೂರಿ ಬದುಕಿದವನು ನಾನು,
ದೇವರ ಮುಂದಲ್ಲ, ಗಾರೆಯ ಮುಂದೆ.
ಗಿರಾಕಿಗಳು ಕಣ್ಣಲ್ಲಿ ಆರಿಸುತ್ತಾರೆ:
ಕನ್ನಡಿಯ ಹೊಳಪು, ಅಮೃತಶಿಲೆಯ ಹಾಗೆ ಎಳೆದ ಗೆರೆ.
ನಾಲ್ಕನೇ ಟೈಲ್ಸಿಗೆ ಅದೇ ಗೆರೆ ಮರಳಿ ಬಂದು
ಸುಳ್ಳು ಸಿಕ್ಕಿಬೀಳುತ್ತದೆ.
ಹೊಳಪಿನ ಬೆಲೆ ನೀರು ಚೆಲ್ಲಿದ ದಿನ ಗೊತ್ತಾಗುತ್ತದೆ.

ಎತೇರಿ ಪಾದದಲ್ಲಿ ಆರಿಸಿದಳು.
ಟರ್ಕಿಯದು ಜಾರುತ್ತದೆ.
ಇರಾನಿನದು ಹೆಣದಷ್ಟು ತಣ್ಣಗೆ.
ಬೂದು ಬಣ್ಣದ ಒಂದರ ಮೇಲೆ ನಿಂತು ಹೆಬ್ಬೆರಳು ಒತ್ತಿದಳು,
ಬಾಟಲಿಯ ನೀರು ಸುರಿದು ಮತ್ತೆ ನಿಂತಳು,
ಎಡಗಾಲನ್ನು ಬೇಕೆಂದೇ ಎಳೆದು ನಡೆದಳು
ಲಕ್ವ ಹೊಡೆದ ಮೇಲೆ ಜುಂಬೆರ್ ನಡೆಯುವ ಹಾಗೆ.
"ಇದು ಅವನ ಕಾಲು ಹಿಡಿದುಕೊಳ್ಳುತ್ತದೆ" ಅಂದಳು.

ಬಚ್ಚಲು, ಅಡುಗೆಮನೆ, ಓಣಿಯಂಥ ಕಾರಿಡಾರು:
ಹದಿನಾಲ್ಕು ಚದರ ಮೀಟರು.
ಮೇಲೆ ಹತ್ತು ಪರ್ಸೆಂಟ್ ಹೆಚ್ಚಿಗೆ,
ಒಡೆಯುವುದಕ್ಕೆ, ಮೂಲೆಗೆ ಕತ್ತರಿಸುವುದಕ್ಕೆ,
ನಾಳೆ ಇದೇ ಬಣ್ಣ ಸಿಗದೆ ಹೋಗುವುದಕ್ಕೆ.
ಪೆಟ್ಟಿಗೆಗಳ ಮೇಲಿನ ನಂಬರು ತಾಳೆ ನೋಡಿದೆ,
ಒಂದು ಬೂದಿಯೊಳಗೆ ಹತ್ತು ಬೂದಿ ಇರುತ್ತವೆ.

ನಾಲ್ಕನೇ ಮಹಡಿ. ಲಿಫ್ಟಿಲ್ಲ. ಹೊತ್ತೆ.

ಕಾರಿಡಾರಿನ ಓಕ್ ಹಲಗೆ ಕಿತ್ತೆ;
ಅಡಿಯಲ್ಲಿ ಟಾರು, ಒಂದು ಹೇರ್‌ಪಿನ್ನು,
ಸೋವಿಯತ್ ಕಾಲದ ಐದು ಕೊಪೆಕ್.
ಎತೇರಿ ಬಾಗಿಲಲ್ಲೇ ನಿಂತಿದ್ದಳು.
"ರಾತ್ರಿ ಅವನೆದ್ದರೆ ಆ ಹಲಗೆ ಕಿರ್ ಅನ್ನುತ್ತಿತ್ತು,
ನನಗೆ ಎಚ್ಚರವಾಗುತ್ತಿತ್ತು.
ಬಿದ್ದರೂ ಕೂಗಿ ಕರೆಯುವ ಜಾತಿಯಲ್ಲ ಅವನು."
ಆಮೇಲೆ, ದನಿ ತಗ್ಗಿಸಿ:
"ಒಂದನ್ನು ಟೊಳ್ಳಾಗಿ ಕೂರಿಸುತ್ತೀಯಾ?"

ಬೈದೇಬಿಟ್ಟೆ.
ನಮ್ಮ ಕಸುಬಿನಲ್ಲಿ ಟೊಳ್ಳೆಂದರೆ ಮಾನ ಹೋದ ಹಾಗೆ.
ಕೆಲಸ ಕಲಿಸಿದ ಮುದುಕ ಗಿವಿ
ಕರಣೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ
ಡೊಬ್ ಅಂದದ್ದನ್ನು ಕಿತ್ತೆಸೆದು
ಕೂಲಿಯಲ್ಲಿ ಹಿಡಿಯುತ್ತಿದ್ದ.
"ಒಡೆಯುತ್ತದಮ್ಮಾ."
"ಒಡೆಯಲಿ. ಹತ್ತು ಪರ್ಸೆಂಟ್ ಹೆಚ್ಚಿಗೆ ತಂದಿದ್ದೀಯಲ್ಲ."

ಎರಡು ದಿನ ಅಡುಗೆಮನೆಯಲ್ಲೇ ಕಾಲ ಕಳೆದೆ.
ಮೂರನೇ ದಿನ, ಬಚ್ಚಲ ಬಾಗಿಲಿಂದ ಎರಡನೆಯದು:
ಅಂಚಿಗೆ ಮಾತ್ರ ಗಾರೆ,
ನಡುವೆ ಅಂಗೈಯಗಲ ಗಾಳಿ.
ರಸಮಟ್ಟ ಇಟ್ಟೆ. ಗುಳ್ಳೆ ನಡುಗೆರೆಗಳ ಮಧ್ಯೆ ನಿಂತಿತು.
ಅದಕ್ಕೂ ಗೊತ್ತಾಗಲಿಲ್ಲ.

ಗಾರೆ ಒಣಗಿದ ಮೇಲೆ ಜುಂಬೆರ್ ಕೋಲೂರಿಕೊಂಡು ಬಂದ.
ತಕ್. ಕಾಲಿನ ಸರಸರ. ತಕ್. ಸರಸರ.
ಡೊಬ್.
ನಿಂತ. ಮತ್ತೊಮ್ಮೆ ಕುಟ್ಟಿದ.
ಓಡಾಡುವ ಅರ್ಧ ಬಾಯಲ್ಲಿ ಹೇಳಿದ:
"ಕೆಲಸ ಬರೋದಿಲ್ಲ ನಿನಗೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನಲ್ಲಿ
ಆಗಲೇ ನಿಂತಿತ್ತು.

"ಹೌದು" ಅಂದೆ,
"ಅದೊಂದರದ್ದು ಕೂಲಿಯಲ್ಲಿ ಹಿಡಿದುಕೊಳ್ಳಿ."