ತಲೆ ಎಣಿಕೆ

ಸಿತ್ರಾದ ಕ್ಯಾಂಪಿನ ಗೇಟಿನಲ್ಲಿ, ನಸುಕಿನ ನಾಲ್ಕೂವರೆಗೆ,
ಬಸ್ಸು ಹತ್ತುವ ಮುಂಚೆ ತಲೆ ಎಣಿಸುತ್ತಾರೆ.
ಐವತ್ತೆರಡು. ಅದರಲ್ಲಿ ಒಂಬತ್ತು ಬೆಣಚಿಹಾಳದವು.

ಊರಲ್ಲಿ ಎಣಿಸಿದ್ದು ನನಗೆ ಒಂದೇ ಸಲ ನೆನಪು:
ಮಾಸ್ತರರು ಬಂದು, ಕಟ್ಟೆಯ ಮೇಲೆ ಕೂತು,
ಆರುನೂರಾ ಹದಿನೆಂಟು ಎಂದು ಬರೆದುಕೊಂಡು
ಮೂರು ಮೈಲಿ ನಡೆದು ಹೋದರು,
ಬಸ್ಸಿಗೆ.

ಬಸ್ಸು ಬೇಕೆಂದು ಅರ್ಜಿ ಬರೆದವನು ಯಮನೂರಪ್ಪ.
ಮನೆಮನೆ ತಿರುಗಿ ಹೆಬ್ಬೆಟ್ಟು ಒತ್ತಿಸಿದವನು ಖಾಜಾಸಾಬ.
ಹನ್ನೊಂದು ವರ್ಷ ಡಿಪೊ ಅಲೆದವರು
ಈಗ ನನ್ನ ಮಂಚದ ಮೇಲೊಬ್ಬ, ಪಕ್ಕಕ್ಕೊಬ್ಬ.

ಹೋದ ತಿಂಗಳು ಹುಲಿಗೆವ್ವನ ಫೋನು:
‘ಅಣ್ಣಾ, ಬಸ್ ಬಂತೋ, ನಮ್ಮ ಅಗಸೀ ತನಕ!’
ಆ ಶುಕ್ರವಾರ ಖಾಜಾ ಎಲ್ಲರ ಚಹಾಕ್ಕೂ
ಎರಡೆರಡು ಚಮಚ ಸಕ್ಕರೆ ಹೆಚ್ಚಿಗೆ ಸುರಿದ.

ನಿನ್ನೆ ಮತ್ತೆ ಫೋನು. ಕಲೆಕ್ಷನ್ ಇಲ್ಲವಂತೆ.
ಹತ್ತುವವರು ಏಳೆಂಟು ಜನ, ಅದೂ ಸಂತೆಯ ದಿನ.
ಇನ್ನೂ ಹತ್ತು ಸೀಟು ತುಂಬಿದ್ದರೆ
ನಿಲ್ಲಿಸುತ್ತಿರಲಿಲ್ಲ ಅಂದರಂತೆ ಡಿಪೊ ಸಾಹೇಬರು.
ಖಾಜಾ ಬೆರಳು ಮಡಚಿ ಎಣಿಸಿದ:
‘ನಾವೆಲ್ಲಾ ಹೋದರೂ ಒಂದು ಕಮ್ಮಿ ಬೀಳ್ತದಲ್ಲೋ.’

ಯಮನೂರಪ್ಪ ಏನೂ ಅನ್ನಲಿಲ್ಲ.
ಬೆಳಿಗ್ಗೆ ಕ್ಯಾಂಪಿನ ಬಸ್ಸಿನಲ್ಲಿ, ಕಿಟಕಿಗೆ ಆತು,
ಸಮುದ್ರದ ಮೇಲಿನ ಸೇತುವೆ ಬಂದಾಗ
ಟಿಕೆಟ್ಟಿಗೆ ಚಿಲ್ಲರೆ ಇದೆಯೋ ಇಲ್ಲವೋ ಎಂಬಂತೆ
ಜೇಬು ಮುಟ್ಟಿ ನೋಡಿಕೊಂಡ.