ನಲವತ್ತೈದು ನಿಮಿಷ

ಔಲು ಪಟ್ಟಣದಲ್ಲಿ ಫೆಬ್ರವರಿ,
ಕಡಲ ಮೇಲೆ ಕಾರು ಓಡುವ ಕಾಲ.
ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ
ಕಪ್ಪು ಸ್ಪಂಜಿನ ಮುಳ್ಳು.
ನಡುವೆ ಮರದ ಕುರ್ಚಿಯಲ್ಲಿ ಅಂಗಿ ಕಳಚಿ ಕೂತವನು
ತೈಸ್ತೊ ಕೆರಾನೆನ್, ಅರವತ್ತೆಂಟು,
ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು.
ಅವನ ಬೆನ್ನ ಹಿಂದೆ ಕಹಳೆಯಂಥ ಆಂಟೆನಾ.
ಊದುತ್ತದೆ. ಸದ್ದಿಲ್ಲ.
ನಾನು ಪಕ್ಕದ ಕೋಣೆಯಲ್ಲಿ ಅಂಕಿ ಬರೆಯುವವಳು.

"ಶುರುವಾಯಿತೇ?" ಎಂದ ಮೈಕಿನಲ್ಲಿ.
"ಆಗಲೇ ಆರು ನಿಮಿಷ."
"ಸೌನಾ ಹೀಗಲ್ಲ. ಅಲ್ಲಿ
ಕಲ್ಲಿಗೆ ನೀರೆರಚಿದರೆ ಬಿಸಿ ಬಾಗಿಲು ಬಡಿಯುತ್ತದೆ,
ಕಿವಿಯ ತುದಿ ಕಚ್ಚಿ, ಬಂದೆ ಎನ್ನುತ್ತದೆ.
ಇದು ಕಳ್ಳ."

ಹೌದು, ಕಳ್ಳನೇ.
ಚರ್ಮದ ಕಾವಲಿನವನಿಗೆ ಅರ್ಧ ಕಂಡು
ಮಿಕ್ಕರ್ಧ ಮಾಂಸದ ಪಡಸಾಲೆಯಲ್ಲಿ
ಚಾಪೆ ಹಾಸಿ ಕೂರುವವನು.
ಆದರೆ ತೈಸ್ತೊ, ನಿನಗೆ ಗೊತ್ತಾಗುವ ಮೊದಲೇ
ನಿನ್ನ ಎದೆಗೆ ಗೊತ್ತಾಗಿದೆ:
ಎಂಟನೇ ನಿಮಿಷ, ಒಂದು ಹನಿ.
ಕಾದದ್ದು ಬೆನ್ನು, ಬೆವರಿದ್ದು ಎದೆ.
ಮೈಯೊಳಗೆ ಸುದ್ದಿ ಹಬ್ಬುವುದೇ ಹಾಗೆ,
ನೆತ್ತರಿನ ಬಾಯಿಂದ ಬಾಯಿಗೆ.

ಮಿದುಳ ಅಡಿಯಲ್ಲೊಂದು ಬಾದಾಮಿಯಷ್ಟು ತಾವು,
ಎಲ್ಲಿಂದ ಬಂದೆ ಎಂದು ಕೇಳುವುದಿಲ್ಲ ಅದು,
ಒಲೆಯಿಂದಲೋ, ಜ್ವರದಿಂದಲೋ,
ಈ ಮೂಕ ಕಹಳೆಯಿಂದಲೋ.
ಕಾವು ಕಾವೇ.
ನಾಳಗಳ ಸಡಿಲಿಸು, ಹೊತ್ತು ತಾ,
ಚರ್ಮದ ಅಂಗಳಕ್ಕೆ ಚೆಲ್ಲು, ಆರಲಿ.
ಗಂಟಲಿಗಿಳಿದ ತಂತಿ ಹೇಳುತ್ತದೆ ಮೂವತ್ತೇಳು,
ಮೂವತ್ತೇಳು ದಶಾಂಶ ಒಂದು,
ಮತ್ತೆ ಮೂವತ್ತೇಳು.
ಇಷ್ಟಕ್ಕಾಗಿ ಒಂದಿಡೀ ಹೊಳೆಯೇ ದಿಕ್ಕು ಬದಲಿಸಿದೆ.

ಕಣ್ಣಿಗೆ ಮಾತ್ರ ತಂತಿಬಲೆಯ ಕನ್ನಡಕ ಕಟ್ಟಿದ್ದೇನೆ.
ಯಾಕೆಂದು ಬೆಳಿಗ್ಗೆ ಕೇಳಿದ್ದ.
ಕಣ್ಣ ಮಸೂರಕ್ಕೆ ನೆತ್ತರಿಲ್ಲ, ಅಂದೆ,
ಬಂದ ಬಿಸಿಯನ್ನು ಹೊರಗೆ ಹಾಕಲು
ಆಳಿಲ್ಲದ ಮನೆ ಅದು.
ಸುಮ್ಮನಾದ. ಬೂಟಿನ ಲಾಡಿ ಬಿಚ್ಚುತ್ತ, ಆಮೇಲೆ:
"ಅಣ್ಣ ಓನ್ನಿ ಬಡಗಣ ಗಡಿಯ ರೇಡಾರ್‌ನಲ್ಲಿದ್ದ.
ಚಳಿಗೆ ಅದರ ಬಾಯೆದುರು ನಿಲ್ಲುತ್ತಿದ್ದರಂತೆ,
ಕೈ ಕಾಯಿಸಿಕೊಳ್ಳಲು.
ಐವತ್ತಕ್ಕೇ ಕಣ್ಣಿಗೆ ಪೊರೆ ಬಂತು."
ಅದೇ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ.
ಗೊತ್ತಿಲ್ಲವೆಂದೇ ಹೇಳಿದೆ.

ನಲವತ್ತೈದು. ಸ್ವಿಚ್ಚು ಆರಿಸಿದೆ.
ಬೆವರು ತಕ್ಷಣ ನಿಲ್ಲಲಿಲ್ಲ;
ಮುಗಿಯಿತೆಂಬ ಸುದ್ದಿ ಮೈ ಮುಟ್ಟಲು
ಇನ್ನೂ ನಾಲ್ಕು ನಿಮಿಷ.
ಟವೆಲು ಕೊಟ್ಟೆ. ಬೆನ್ನು ತಡವಿಕೊಂಡು ನಕ್ಕ:
"ಏನೂ ಆಗಲೇ ಇಲ್ಲವಲ್ಲ."

ಹೊರಗೆ ಸೊನ್ನೆಗೂ ಇಪ್ಪತ್ತೆರಡು ಕೆಳಗೆ.
ಟೋಪಿ ಮರೆತು ಹೋಗಿದ್ದ.
ಹಿಡಿದು ಹಿಂದೆ ಓಡಿದೆ.
ಬಸ್ ನಿಲ್ದಾಣದ ದೀಪದಡಿ ನಿಂತಿದ್ದ,
ಬೋಳುತಲೆಯಿಂದ ಆವಿ
ಇನ್ನೂ ಏಳುತ್ತಲೇ ಇತ್ತು.